ಡಬ್ಬಿಯ ತಳದ ಕಾಡುಕೋಣ

ನನಗೊಂದು ಕೆಟ್ಟ ಚಟವಿದೆ. ಮನೆಯಲ್ಲಿ ಹೊಸ ಡಬ್ಬಿ ಯಾವುದೇ ಒಡೆಯಲಿ, ಮೊದಲು ಬಲಗೈಯನ್ನು ಒಳಗೆ ಇಳಿಸಿ ತಳವನ್ನೊಮ್ಮೆ ತಡಕಾಡಿ ನೋಡುತ್ತೇನೆ. ಚಹಾಪುಡಿಯ ಡಬ್ಬಿಯಾದರೂ ಅಷ್ಟೇ, ಬಟ್ಟೆ ಸೋಪಿನ ಪುಡಿಯಾದರೂ ಅಷ್ಟೇ. ಒಮ್ಮೆ ಗೋಧಿಹಿಟ್ಟಿನ ಚೀಲಕ್ಕೆ ಹೀಗೆ ಕೈ ಹಾಕಿ ಮೊಣಕೈವರೆಗೆ ಬೆಳ್ಳಗಾಗಿ ನಿಂತಿದ್ದಾಗ ಹಾಲಿನವನು ಬಂದು, ಏನೂ ಕೇಳದೆ ಹಾಲು ಹಾಕಿ ಹೋದ. ಯಾದಗಿರಿಯ ಜನ ಹಾಗೆಲ್ಲ ಕೇಳದೆ ಬಿಡುವವರಲ್ಲ. ಅವನು ಬಿಟ್ಟನೆಂದರೆ ನಾನು ಹೇಗೆ ಕಾಣುತ್ತಿದ್ದೆನೋ ನೀವೇ ಊಹಿಸಿಕೊಳ್ಳಿ.

ಈ ಸಲ ಶಾಲೆ ಶುರುವಾದ ವಾರ ಮಗಳಿಗೆಂದು ತಂದ ಕಾರ್ನ್‌ಫ್ಲೇಕ್ಸ್ ಡಬ್ಬಿಗೂ ಕೈ ಹಾಕಿದೆ. ಒಂಬತ್ತನೇ ಇಯತ್ತೆಯ ಮಗಳು ತಟ್ಟೆ ಹಿಡಿದು ಕಾದಿದ್ದಳು.

"ಅವ್ವಾ, ಅದರಾಗ ಏನೂ ಇರಂಗಿಲ್ಲ. ಡಬ್ಬಿ ಮ್ಯಾಲ ಕೋಡ್ ಇರ್ತದ, ಫೋನ್ ಹಿಡದ್ರ ಆಟ ಬರ್ತದ. ನೀ ಕೈಯರೆ ತೊಳದೀಯೇನು?"

ಕೈ ತೊಳೆದಿದ್ದೆ. ಆದರೂ ತಳದಲ್ಲಿ ಏನೂ ಸಿಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಬೇಕಾದದ್ದು ಯಾದಗಿರಿಯಲ್ಲಿ ಸಿಗುವಂಥದ್ದೂ ಆಗಿರಲಿಲ್ಲ. ಅದು ಶಹಾಪುರದಲ್ಲಿ, ನಾನು ಐದನೇ ಇಯತ್ತೆಯಲ್ಲಿದ್ದಾಗ ಕಳೆದುಹೋದ ಒಂದು ಕಾಡುಕೋಣ. ಕಳೆದದ್ದು ನಾನೇ ಎಂದು ನಮ್ಮ ಅಣ್ಣ ಶರಣು ಸುಮಾರು ಮೂವತ್ತು ವರ್ಷಗಳಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ. ಈ ಬರಹ ನನ್ನ ಇಜ್ಜತ್ತಿನ ಪ್ರಶ್ನೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ.

ಅಪ್ಪನದು ಶಹಾಪುರದಲ್ಲಿ ಕಿರಾಣಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಒಂದು ದಿನ ಗುಲ್ಬರ್ಗಾದಿಂದ ಕಂಪನಿಯವನೊಬ್ಬ ಬಂದ. ಆಗಿನ್ನೂ ಅದು ನಮಗೆ ಗುಲ್ಬರ್ಗಾವೇ. ಇನ್‌ಶರ್ಟ್ ಮಾಡಿ ಟೈ ಕಟ್ಟಿದ್ದ. ಆ ಬಿಸಿಲಲ್ಲಿ ಟೈ ಕಟ್ಟಿದವನನ್ನು ನೋಡಿಯೇ ಅಪ್ಪನಿಗೆ ಕನಿಕರ ಬಂದಿರಬೇಕು, ಕೂಡಿಸಿ ಚಹಾ ಕುಡಿಸಿದ.

"ಸಾವ್ಕಾರ್ರ, ದೊಡ್ಡ ದೊಡ್ಡ ಊರಾಗ ಮಂದಿ ಮುಂಜಾನೆ ಎದ್ದು ಇದನ್ನ ತಿಂತಾರ್ರಿ. ಮೆಕ್ಕಿಜ್ವಾಳದ್ದು."

"ಜ್ವಾಳ ನಮ್ಮನ್ಯಾಗ ಬೇಕಾದಷ್ಟು ಅದಾವಲ್ಲಪ್ಪ."

"ಇದನ್ನ ರೊಟ್ಟಿ ಬಡಿಯೋದಿಲ್ರಿ. ಹಾಲಾಗ ಹಾಕೊಂಡು ತಿನ್ನೋದು."

"ಹಲ್ಲಿಲ್ಲದವರಿಗೇನು?"

ಆ ಹುಡುಗ ಸೋತ ಮುಖ ಮಾಡಿದ. ಚಹಾ ಕುಡಿಸಿದ ಮನುಷ್ಯನನ್ನು ಬರಿಗೈಯಲ್ಲಿ ಕಳಿಸುವುದು ಅಪ್ಪನ ಜಾಯಮಾನದಲ್ಲೇ ಇರಲಿಲ್ಲ. ಒಂದು ದೊಡ್ಡ ರಟ್ಟಿನ ಖೋಕಾ ತುಂಬ ಕಾರ್ನ್‌ಫ್ಲೇಕ್ಸ್ ಇಳಿಸಿಕೊಂಡ. ರಾತ್ರಿ ಅವ್ವ ಕೇಳಿದಾಗ, "ಪಾಪ, ಮನಷ್ಯಾ ದೂರದಿಂದ ಬಂದಿದ್ದ" ಎಂದಷ್ಟೇ ಹೇಳಿದ. ಅಪ್ಪ ಹೀಗೆ ದೂರದಿಂದ ಬಂದವರ ದೆಸೆಯಿಂದ ಕೊಂಡ ಮಾಲು ನಮ್ಮ ಅಟ್ಟದ ಮೇಲೆ ಇನ್ನೂ ಬೇಕಾದಷ್ಟಿತ್ತು.

ಡಬ್ಬಿಗಳು ಅಂಗಡಿಯಲ್ಲಿ ಸಾಲಾಗಿ ಕುಳಿತವು. ಕೊಳ್ಳುವವರಿಲ್ಲ. ಬೆಳಿಗ್ಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ತಿಂದು ಹೊಲಕ್ಕೆ ಹೋಗುವ ಜನ ಆ ಡಬ್ಬಿಯನ್ನು ನೋಡಿ ಕೇಳುತ್ತಿದ್ದದ್ದು ಒಂದೇ ಮಾತು, "ಯಾರಿಗಿ ಆರಾಮಿಲ್ರಿ?" ನಮ್ಮ ಕಡೆ ಡಬ್ಬಿಯಲ್ಲಿ ಬರುವ ತಿನಿಸು, ಬ್ರೆಡ್ಡು, ಗ್ಲೂಕೋಸು ಇವೆಲ್ಲ ಬೇನೆಬಿದ್ದವರ ಊಟ. ಗಟ್ಟಿಮುಟ್ಟಾದ ಮನುಷ್ಯ ಅದನ್ನು ತಿಂದರೆ ಓಣಿಯವರು ಮಾತಾಡಿಸಲು ಬಂದುಬಿಡುತ್ತಾರೆ. ಅಪ್ಪನಿಗೆ ಇದು ಹೊಳೆದದ್ದೇ ತಡ, ಡಬ್ಬಿಗಳನ್ನು ಮೋಸಂಬಿಯ ಬುಟ್ಟಿಯ ಪಕ್ಕಕ್ಕೆ ಸರಿಸಿದ. ದವಾಖಾನೆಗೆ ಹೊರಟವರು ಆಗೊಂದು ಈಗೊಂದು ಒಯ್ಯತೊಡಗಿದರು. ಗೋಗಿಯಿಂದ ಬಂದ ಒಬ್ಬ ರೈತ ಹೆಂಡತಿಯ ಬಾಣಂತನಕ್ಕೆಂದು ಎರಡು ಒಯ್ದವನು, ಮರುವಾರ ಬಂದು, "ಛಲೋ ಅದ್ರಿ, ಎಮ್ಮಿನೂ ತಿಂತು" ಎಂದು ಹೇಳಿ ಹೋದ.

ಉಳಿದದ್ದನ್ನು ತಿನ್ನುವ ಹೊಣೆ ನಮ್ಮದಾಯಿತು. ಅವ್ವ ಮೊದಲ ದಿನ ಕುದಿಯುವ ಹಾಲಿಗೆ ಸುರಿದಳು. ಅಂಬಲಿಯಾಯಿತು. ಎರಡನೇ ಸಲ, ಅವಲಕ್ಕಿಯ ಹಾಗೇ ಇದೆಯಲ್ಲ ಎಂದು ನೀರಲ್ಲಿ ತೊಳೆದು ಹಿಂಡಿದಳು. ಹಿಂಡಿದ ಮೇಲೆ ಕೈಯಲ್ಲಿ ಉಳಿದದ್ದು ಒಂದು ಹಳದಿ ಉಂಡೆ. ಅದನ್ನು ನೋಡಿ ಆಯಿ, ಅಂದರೆ ಅಪ್ಪನ ತಾಯಿ, "ಗೋಡಿಗಿ ಬಡಿ, ಒಲಿಗಿ ಕುಳ್ಳಾರೆ ಆಗ್ತದ" ಎಂದಳು. ಅವ್ವ ಸೋಲುವವಳಲ್ಲ. ಮೂರನೇ ಸಲ ತೊಳೆಯುವ ಗೊಡವೆಗೇ ಹೋಗದೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶೇಂಗಾ ಹಾಕಿ ವಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಕೊಟ್ಟಳು. ಅಪ್ಪ ಎರಡು ತಾಟು ತಿಂದ. ಇಂದಿಗೂ ನಾನು ಕಾರ್ನ್‌ಫ್ಲೇಕ್ಸನ್ನು ಹಾಗೇ ತಿನ್ನುವುದು. ಹಾಲಿನಲ್ಲಿ ತಿನ್ನುವವರನ್ನು ಕಂಡರೆ, ನನ್ನ ಮಗಳಾದರೂ ಸರಿ, ಯಾರಿಗೆ ಆರಾಮಿಲ್ಲ ಎಂದು ಕೇಳಬೇಕೆನಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರತಿ ಡಬ್ಬಿಯ ತಳದಲ್ಲಿ ತೆಳು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ ಒಂದು ಕಾರ್ಡು ಇರುತ್ತಿತ್ತು. ಇಸ್ಪೀಟೆಲೆಯಷ್ಟು ದೊಡ್ಡದು. ಒಂದೊಂದರಲ್ಲಿ ಒಂದೊಂದು ಪ್ರಾಣಿ. ಆನೆ, ಘೇಂಡಾಮೃಗ, ಕಾಡುಹಂದಿ, ಜಿರಾಫೆ, ಮೈತುಂಬ ಪಟ್ಟೆಯ ಕತ್ತೆ. ಕಂಪನಿಯವನು ಹೋಗುವಾಗ ಒಂದು ದಪ್ಪ ರಟ್ಟಿನ ಹಾಳೆಯನ್ನೂ ಕೊಟ್ಟಿದ್ದ. ಮಡಚಿದರೆ ಪುಸ್ತಕ, ಬಿಚ್ಚಿದರೆ ಗೋಡೆಗೆ ಒರಗಿಸಿಡುವ ಚಿತ್ರಪಟ. ಅದರಲ್ಲಿ ಎರಡು ಡಜನ್ ಖಾಲಿ ಖಾನೆ. ಎಲ್ಲ ತುಂಬಿಸಿ ಮುಂಬೈಗೆ ಕಳಿಸಿದರೆ ಒಂದು ದುರ್ಬೀನು ಬಹುಮಾನ.

ದುರ್ಬೀನಿನ ಚಿತ್ರ ನೋಡಿ ನಾವಿಬ್ಬರೂ ಮರುಳಾದೆವು. ನಮ್ಮ ಮಾಳಿಗೆಯ ಮೇಲೆ ನಿಂತರೆ ಬುದ್ಧ ಮಲಗಿದಂತೆ ಕಾಣುವ ಗುಡ್ಡವಿದೆಯಲ್ಲ, ಆ ಬುದ್ಧನ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಪತ್ತೆ ಹಚ್ಚಬೇಕೆಂಬುದು ಶರಣಣ್ಣನ ಹಂಬಲ. ನನಗೆ ಅಂಥ ದೊಡ್ಡ ಜ್ಞಾನದಾಹವಿರಲಿಲ್ಲ. ನಮ್ಮ ಗಣಿತದ ಟೀಚರು ಮನೆಯಲ್ಲಿ ಏನು ಉಣ್ಣುತ್ತಾರೆ ಎಂದು ದೂರದಿಂದ ನೋಡುವ ಆಸೆ, ಅಷ್ಟೇ.

ಮನೆಯಲ್ಲಿ ತಿಂದು ತೀರುವಷ್ಟು ಡಬ್ಬಿಗಳಿಂದ ಖಾನೆ ತುಂಬುವಂತಿರಲಿಲ್ಲ. ಬರೀ ಜಿರಾಫೆ ಬರುತ್ತಿತ್ತು. ಆದ್ದರಿಂದ ಡಬ್ಬಿ ಎಲ್ಲಿ ಹೋಯಿತೋ ಅಲ್ಲಿಗೆ ನಾವೂ ಹೋಗತೊಡಗಿದೆವು. ಊರಲ್ಲಿ ಯಾರಿಗೆ ಜ್ವರ, ಯಾರಿಗೆ ಕಾಲು ಮುರಿದಿದೆ ಎಂಬುದೆಲ್ಲ ಡಾಕ್ಟರಿಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು. ವನದುರ್ಗದಿಂದ ಬರುತ್ತಿದ್ದ ನಮ್ಮ ಹೆಡ್‌ಮಾಸ್ಟರರು ಟೈಫಾಯಿಡ್ ಆಗಿ ದವಾಖಾನೆ ಸೇರಿದಾಗ, ಶಾಲೆಯಿಂದ ಮೊದಲು ಹೋಗಿ ಮಾತಾಡಿಸಿದವರು ನಾವೇ.

"ಸರ, ಆರಾಮಾಗ್ಯಾದೇನ್ರಿ?" ಅಣ್ಣ ಕೇಳಿದ. ಕಣ್ಣು ಮಾತ್ರ ಮಂಚದ ಕೆಳಗಿತ್ತು.

"ಈಗ ಜರಾ ಅಡ್ಡಿಯಿಲ್ಲಪ್ಪ."

"ಸರ, ಡಬ್ಬಿ ಒಡದೀರೇನ್ರಿ?"

"ನನ್ನ ನೋಡಾಕ ಬಂದೀರೋ, ಡಬ್ಬಿ ನೋಡಾಕ ಬಂದೀರೋ?"

ಅಣ್ಣ ಒಂದು ಗಳಿಗೆ ಯೋಚಿಸಿ, "ಎರಡೂ ರಿ" ಎಂದ. ಸರ್ ಕೆಮ್ಮು ಬರುವವರೆಗೆ ನಕ್ಕು, ಹೆಂಡತಿಗೆ ಹೇಳಿ ಇದ್ದ ಡಬ್ಬಿಗಳನ್ನೆಲ್ಲ ಒಡೆಸಿದರು. ಜಿರಾಫೆ, ಮತ್ತೆ ಜಿರಾಫೆ, ಕೊನೆಗೊಂದು ಘೇಂಡಾಮೃಗ. ಅವತ್ತು ನಾವು ಗುರುಗಳ ಕಾಲಿಗೆ ಬಿದ್ದಷ್ಟು ಭಕ್ತಿಯಿಂದ ಯಾವ ಶಿಕ್ಷಕರ ದಿನಾಚರಣೆಯಲ್ಲೂ ಬಿದ್ದಿಲ್ಲ. ಅವರು ಬೇಗ ಗುಣವಾಗಿ ಮನೆಗೆ ಹೋದದ್ದು ನಮಗೆ ಸಂತೋಷವೇ ಆದರೂ, ಇನ್ನೊಂದೆರಡು ದಿನ ಇದ್ದಿದ್ದರೆ ಆಗುತ್ತಿತ್ತು ಎನ್ನಿಸಿದ್ದು ಸುಳ್ಳಲ್ಲ.

ಹೀಗೆ ಊರ ಬೇನೆಯಿಂದ ನಮ್ಮ ಖಾನೆಗಳು ತುಂಬಿ, ಕೊನೆಗೆ ಒಂದೇ ಉಳಿಯಿತು. ಅದೇ ಕಾಡುಕೋಣ. ಹೊರದೇಶದ ಪ್ರಾಣಿ, ಇಂಗ್ಲಿಷಿನಲ್ಲಿ ಬೇರೆ ಹೆಸರಿತ್ತು, ನಾವು ಇಟ್ಟದ್ದು ಕಾಡುಕೋಣ ಎಂದೇ. ಅಷ್ಟರಲ್ಲಿ, ಆಗಾಗ ಬಂದು ಹೊಸ ಡಬ್ಬಿ ಇಳಿಸಿ ಹೋಗುತ್ತಿದ್ದ ಟೈ ಕಟ್ಟಿದವನು ಬರುವುದು ನಿಂತಿತ್ತು. ಅಂಗಡಿಯಲ್ಲಿದ್ದದ್ದು ಕೊನೆಯ ಡಬ್ಬಿ.

ಅವತ್ತು ಸೋಮವಾರ. ಅಣ್ಣ ದೊಡ್ಡ ಶಾಲೆಗೆ ಬುತ್ತಿ ಒಯ್ಯುತ್ತಿದ್ದ, ನಾನು ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದೆ. ಅವ್ವ ಆ ಕೊನೆಯ ಡಬ್ಬಿ ಒಡೆದಿದ್ದಳು. ಕೈ ಹಾಕಿದೆ. ಬೆರಳಿಗೆ ಪ್ಲಾಸ್ಟಿಕ್ ತಾಗಿತು. ಎಳೆದು ನೋಡಿದರೆ ದೊಡ್ಡ ಹಿಣಿಲು, ಬಾಗಿದ ಕೊಂಬು, ಹಣೆತುಂಬ ಕೂದಲು, ನೆಟ್ಟ ನೋಟ. ಕಾಡುಕೋಣ. ಅಲ್ಲೇ ಪ್ಲಾಸ್ಟಿಕ್ ಹರಿಯಲು ಕೈ ಹೋಯಿತು. ಆದರೆ ನಮ್ಮಿಬ್ಬರ ನಡುವೆ ಒಂದು ಕರಾರಿತ್ತು. ಹೊಸ ಕಾರ್ಡಿನ ಪ್ಲಾಸ್ಟಿಕ್ಕನ್ನು ಇಬ್ಬರೂ ಕೂಡಿಯೇ ಬಿಚ್ಚಬೇಕು. ಶಾಲೆಯ ಗಂಟೆ ಬೇರೆ ಹೊಡೆಯಿತು. ಅದನ್ನು ಹಾಗೇ ಪಡಸಾಲೆಯ ಗೋಡೆಯ ಗೂಡಿನಲ್ಲಿ, ದೀಪದ ಪಕ್ಕಕ್ಕೆ ನಿಲ್ಲಿಸಿ ಓಡಿದೆ.

ಸಂಜೆ ಓಣಿಯ ಬಾಯಲ್ಲೇ ಅಣ್ಣನನ್ನು ಹಿಡಿದು ಸುದ್ದಿ ಹೇಳಿದೆ. ಇಬ್ಬರೂ ಓಡಿ ಬಂದೆವು. ಗೂಡಿನಲ್ಲಿ ದೀಪ ಇತ್ತು, ಕಾಡುಕೋಣ ಇರಲಿಲ್ಲ.

ಹುಡುಕದ ಜಾಗವಿಲ್ಲ. ಅಕ್ಕಿಯ ಡಬ್ಬಿ, ಹಾಸಿಗೆಯ ಸುರುಳಿ, ಅಪ್ಪನ ಕೋಟಿನ ಕಿಸೆ. ಆಯಿಯನ್ನೂ ಕೇಳಿದೆವು.

"ಆಯಿ, ಇಲ್ಲೊಂದು ಕಾಡುಕೋಣ ಇತ್ತು, ನೋಡೀಯೇನು?"

"ಮನ್ಯಾಗ ಕೋಣ ಎಲ್ಲಿಂದ ಬರಬೇಕೋ? ನಾ ಯಾವ ಕೋಣನೂ ನೋಡಿಲ್ಲ."

ಆಗ ಅಣ್ಣನ ಕಣ್ಣು ನನ್ನ ಕೈ ಮೇಲೆ ಬಿತ್ತು. ಕೈಯಲ್ಲಿ ಹೊಸ ಹಸಿರು ಬಳೆ. ಶಾಲೆ ಬಿಟ್ಟು ಬರುವಾಗ ಆಯಿ ಬಾಗಿಲಲ್ಲೇ ಬಳೆಗಾರ್ತಿಯನ್ನು ಕೂಡಿಸಿಕೊಂಡು ನನ್ನನ್ನು ಕರೆದು, "ಬಾ ಯವ್ವ, ಇವತ್ತ ಬಸವಣ್ಣ ನಮ್ಮನಿಗಿ ತಾನಾಗೇ ಬಂದಾನ, ಬಳಿ ಇಟ್ಕೋ" ಎಂದು ತೊಡಿಸಿದ್ದಳು. ಸೋಮವಾರ ಆಯಿಯ ಬಾಯಲ್ಲಿ ಬಸವಣ್ಣ ಬರುವುದು ಹೊಸತೇನಲ್ಲ, ನಾನು ಬಳೆ ನೋಡಿದೆನೇ ಹೊರತು ಮಾತು ಕೇಳಲಿಲ್ಲ. ಬಳೆ ತೊಟ್ಟವಳೇ ಒಳಗೂ ಹೋಗದೆ ಅಣ್ಣನನ್ನು ಕಾಯಲು ಓಣಿಯ ಬಾಯಿಗೆ ಓಡಿದ್ದೆ.

"ಬಳಿ ಎಲ್ಲಿವು?" ಅಣ್ಣ ಕೇಳಿದ.

"ಆಯಿ ಇಡಿಸ್ಯಾಳ."

"ಆಯಿ ಯಾವಾಗಲೂ ನಿನ್ನ ಪಾರ್ಟಿ. ನೀ ಕಾಡುಕೋಣ ಕೊಟ್ಟು ಬಳಿ ಇಸಗೊಂಡಿ. ಖರೆ ಹೇಳು."

ನಾನು ಅತ್ತೆ, ಆಣೆ ಮಾಡಿದೆ, ಬಳೆ ಬಿಚ್ಚಿ ಎಸೆದೆ. ಬಳೆ ಎಸೆದದ್ದೇ ತಪ್ಪಿಗೆ ಸಾಕ್ಷಿ ಎಂದು ಅವನು ತೀರ್ಪು ಕೊಟ್ಟ. ದುರ್ಬೀನು ಬರಲಿಲ್ಲ. ಬುದ್ಧನ ಕಣ್ಣಿನ ವಿಷಯ ಅಲ್ಲಿಗೇ ನಿಂತಿತು.

ಮಕ್ಕಳ ಜಗಳ ಎರಡು ದಿನದ್ದು ಎನ್ನುತ್ತೀರಿ. ನಮ್ಮ ಅಣ್ಣನನ್ನು ನೀವು ನೋಡಿಲ್ಲ. ನನ್ನ ಲಗ್ನದಲ್ಲಿ ಎಲ್ಲರಿಗೂ ಕೇಳುವಂತೆ ಮದುಮಗನ ಕಿವಿಯಲ್ಲಿ, "ಮಾವ, ಹುಷಾರ್ ರಿ, ಬಳಿ ಸಲುವಾಗಿ ಕಾಡುಕೋಣ ಮಾರಿದಾಕಿ" ಎಂದ. ನನಗೆ ಮೇಷ್ಟರಿಕೆ ಸಿಕ್ಕಿ ಯಾದಗಿರಿಗೆ ಹೊರಟಾಗ, "ಶಾಲಿ ಸಾಮಾನು ಎಣಿಸಿ ಕೊಡ್ರಪ್ಪ ಇಕಿ ಕೈಯಾಗ" ಎಂದ. ಸುರಪುರದ ಬೀಗರು ಬಂದರೂ ಅದೇ, ಹುಣಸಗಿಯ ಗಿರಾಕಿ ಬಂದರೂ ಅದೇ. "ಇಕಿ ನಮ್ಮ ತಂಗಿರಿ. ಕಾಡುಕೋಣ ಕಳದಾಕಿ." ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಮಾಡದ ತಪ್ಪಿಗೆ ನಗುವುದು ಅಷ್ಟು ಸುಲಭವಲ್ಲ. ಒಳಗೆಲ್ಲೋ ಐದನೇ ಇಯತ್ತೆಯ ಹುಡುಗಿ ಇನ್ನೂ ಬಳೆ ಬಿಚ್ಚಿ ಎಸೆಯುತ್ತಲೇ ಇದ್ದಳು. ಡಬ್ಬಿಗೆ ಕೈ ಹಾಕುತ್ತಿದ್ದವಳೂ ಬಹುಶಃ ಅವಳೇ.

ಆಯಿ ಹೋಗಿ ಎಷ್ಟೋ ವರ್ಷವಾಯಿತು. ಅಪ್ಪನೂ ಈಗಿಲ್ಲ. ಅಂಗಡಿ ಅಣ್ಣನದು, ಮನೆಯ ಯಜಮಾನಿಕೆ ಇನ್ನೂ ಅವ್ವನದೇ. ಈ ವರ್ಷ ಶ್ರಾವಣಕ್ಕೆ ಮೊದಲು ಮನೆಗೆ ಬಣ್ಣ ಹಚ್ಚಿಸುತ್ತೇವೆ, ಜಗಲಿ ತೊಳೆಯಲು ಬಾ ಎಂದು ಅವ್ವ ಕರೆಸಿದಳು. ಜಗಲಿಯೆಂದರೆ ದೇವರ ಕಟ್ಟೆ. ಜಳಕ ಮಾಡದೆ ಅದನ್ನು ಮುಟ್ಟುವಂತಿಲ್ಲವೆಂಬುದು ಆಯಿಯ ಕಾಲದ ಕಾನೂನು. ಜಳಕಕ್ಕೆ ಬೇಸರಪಡುತ್ತಿದ್ದ ನಾನೂ ಅಣ್ಣನೂ ದೂರದಿಂದಲೇ ಕೈಮುಗಿದು ಬೆಳೆದವರು.

ಜಳಕ ಮಾಡಿ ಕುಳಿತೆ. ನಾನು ದೇವರನ್ನು ಒಂದೊಂದಾಗಿ ಇಳಿಸಿ ಕೊಡುವುದು, ಅಣ್ಣನ ಹೆಂಡತಿ, ನಮ್ಮ ವೈನಿ, ಹುಣಸೆಹಣ್ಣು ಹಚ್ಚಿ ತಿಕ್ಕುವುದು. ಹಿತ್ತಾಳೆಯ ಬಸವಣ್ಣನನ್ನು ಎತ್ತಿದಾಗ ಅದರ ಹಿಂದೆ ಗೋಡೆಗೆ ಒರಗಿದ್ದ ಬಿಳಿಯ ಬಿಲ್ಲೆಯೊಂದು ಕಂಡಿತು. ಮೇಲೆ ವಿಭೂತಿ ಪದರುಪದರಾಗಿ ಗಟ್ಟಿಯಾಗಿತ್ತು. ವೈನಿ ಅದನ್ನು ನೀರಿಗೆ ಹಾಕಲು ಕೈ ಚಾಚಿದಳು.

"ಅದನ್ನ ನೀರಿಗಿ ಹಾಕಬ್ಯಾಡ" ಎಂದಳು ಅವ್ವ, ಕುಳಿತಲ್ಲಿಂದಲೇ. "ಒಣ ಅರಿವಿಲೆ ಒರಸು."

ನಾನು ಒರಸಿದೆ. ಒಂದು ಮೂಲೆಯ ವಿಭೂತಿ ಉದುರಿತು. ಕೆಳಗೆ ಪ್ಲಾಸ್ಟಿಕ್. ಪ್ಲಾಸ್ಟಿಕ್ಕಿನ ಕೆಳಗೆ ಬಾಗಿದ ಒಂದು ಕೊಂಬು. ಇನ್ನೂ ಒರಸಿದೆ. ಹಿಣಿಲು ಬಂತು, ಹಣೆಯ ಕೂದಲು ಬಂತು, ಆ ನೆಟ್ಟ ನೋಟ ಬಂತು. ಅಂಗೈಯ ಮೇಲಿಟ್ಟು ಅವ್ವನ ಕಡೆ ಹಿಡಿದೆ.

"ಅವ್ವಾ, ಇದು..."

"ಹೂಂ, ನಿಮ್ಮದು" ಎಂದಳು ಅವ್ವ. "ಆವತ್ತ ಮಧ್ಯಾಹ್ನ ಅತ್ತಿಯವರು ದೀಪಕ್ಕ ಎಣ್ಣಿ ಹಾಕಾಕ ಹ್ವಾದ್ರ ಗೂಡಿನಾಗ ಬಸವಣ್ಣ ನಿಂತಿದ್ದ. ಸೋಮವಾರ ಬ್ಯಾರೆ. ತಾನಾಗೇ ಬಂದಾನಂತ ಒಯ್ದು ಜಗಲಿ ಮ್ಯಾಲ ಇಟ್ರು."

"ನಿನಗ ಗೊತ್ತಿತ್ತು?"

"ನೋಡಿದೆನಲ್ಲ. ನಾ ಹೇಳೂದ್ರಾಗ ಇಬತ್ತಿ ಹಚ್ಚಿ ಆಗಿತ್ತು. ಇಬತ್ತಿ ಹಚ್ಚಿದ ಮ್ಯಾಲ ದೇವರು. ಅತ್ತಿ ಕಡಿಂದ ದೇವರ ಕಸಗೊಂಡು ನಾ ಈ ಮನ್ಯಾಗ ಬಾಳೇವು ಮಾಡೂದು ಹ್ಯಾಂಗ?"

"ನನ್ನ ಲಗ್ನದಾಗ ಅವ ಮಂದಿ ಮುಂದ ಕಳ್ಳಿ ಅಂದಾಗೂ ಸುಮ್ಮ ಕುಂತಿ?"

"ನಿನ್ನ ಗಂಡ ಏನ್ ಎದ್ದು ಹೋಗಲಿಲ್ಲಲ್ಲ."

ಅವ್ವನ ಮೇಲೆ ಸಿಟ್ಟು ಬಂತು, ಅಳುವೂ ಬಂತು, ಎರಡರ ನಡುವೆ ನಗು ಬಂದುಬಿಟ್ಟಿತು. ಅವ್ವ ಮೆಲ್ಲಗೆ ಹೇಳಿದಳು. "ಅತ್ತಿ ಹ್ವಾದ ಮ್ಯಾಲ ಹೇಳಬೇಕಂದೆ. ಅಷ್ಟರಾಗ ದಿನಾ ಹೂವು ಏರಿಸಿ ಏರಿಸಿ ನನಗೂ ಅಂವ ಬಸವಣ್ಣನ ಆಗಿದ್ದ. ನಿಮ್ಮಪ್ಪಗ ಬ್ಯಾನಿ ಆದಾಗ ಬೇಡಿಕೊಂಡಿದ್ದು ಅವನ ಮುಂದನ."

ಪರದೆ ಸರಿಸಿ ಅಂಗಡಿಯಿಂದ ಅಣ್ಣನನ್ನು ಕರೆದೆ. ಬಂದವನು ನನ್ನ ಅಂಗೈ ನೋಡಿದ. ತಕ್ಕಡಿಯ ಕಲ್ಲು ಹಿಡಿದುಕೊಂಡೇ ಬಂದಿದ್ದ, ಅದನ್ನು ನೆಲಕ್ಕಿಟ್ಟ. ಆಮೇಲೆ ಕೈ ಚಾಚಿದ.

"ಜಳಕ ಆಗ್ಯಾದೇನು ನಿಂದು?" ಎಂದಳು ಅವ್ವ.

ಐವತ್ತರ ಹತ್ತಿರ ಬಂದ ವ್ಯಾಪಾರಿ, ಅಂಗಡಿಯಲ್ಲಿ ಗಿರಾಕಿ ನಿಲ್ಲಿಸಿ, ನಡು ಮಧ್ಯಾಹ್ನ ಜಳಕಕ್ಕೆ ಹೋದ. ಬರುವಾಗ ತೊಟ್ಟಿಕ್ಕುವ ಕೂದಲಲ್ಲಿ ಅಂಗಡಿಯ ಗಲ್ಲಾದ ಕೆಳಗಿಂದ ಏನೋ ತಂದ. ಅದೇ ರಟ್ಟಿನ ಹಾಳೆ. ಅಂಚು ಸವೆದಿತ್ತು, ಪ್ರಾಣಿಗಳೆಲ್ಲ ತಮ್ಮ ತಮ್ಮ ಖಾನೆಯಲ್ಲಿದ್ದವು, ಕೊನೆಯದೊಂದು ಖಾಲಿ. ಇಷ್ಟು ವರ್ಷ ಇದನ್ನು ಇಟ್ಟುಕೊಂಡಿದ್ದಾನೆಂದು ನನಗೆ ಗೊತ್ತೇ ಇರಲಿಲ್ಲ. ಅದನ್ನು ನೋಡಿದೊಡನೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವನೂ ಕಾಯುತ್ತಲೇ ಇದ್ದ.

ಕಾಡುಕೋಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಖಾಲಿ ಖಾನೆಗೆ ಹಿಡಿದು ನೋಡಿದ. ಬರೋಬ್ಬರಿ ಕೂಡುತ್ತಿತ್ತು.

"ಶರಣು" ಎಂದಳು ಅವ್ವ. "ಬಸವಣ್ಣನ ಒಯ್ದು ಹಂದಿ ಮಗ್ಗಲಾಗ ಕೂಡಸ್ತೀಯೇನು?"

"ಅವ್ವ, ಇದು ನಮ್ಮ ಕಾರ್ಡು."

"ನಿಮ್ಮ ಕಡೆ ಅರ್ಧ ದಿನಾನೂ ಇರಲಿಲ್ಲ. ನಮ್ಮ ಕಡೆ ಎಷ್ಟು ವರ್ಷ ಪೂಜಿ ಆಗ್ಯಾದ ನೋಡು. ಅಂವ ಇಳಿದು ಬರಂಗಿಲ್ಲ. ಬೇಕಾದ್ರ ನಿಮ್ಮ ಪ್ರಾಣಿಗಳನ್ನ ಇಲ್ಲಿಗಿ ಕರಕೊಂಡು ಬರ್ರಿ."

ನಾನೂ ಅಣ್ಣನೂ ಮುಖ ನೋಡಿಕೊಂಡೆವು. ಅಣ್ಣ ರಟ್ಟಿನ ಹಾಳೆಯನ್ನು ಪೂರಾ ಬಿಚ್ಚಿ ಜಗಲಿಯ ಗೋಡೆಗೆ ಒರಗಿಸಿದ. ಅದರ ಮುಂದೆ ಹಿತ್ತಾಳೆಯ ಬಸವಣ್ಣ, ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಬಸವಣ್ಣ. ಅವ್ವ ವಿಭೂತಿಯ ಗಟ್ಟಿಯನ್ನು ವೈನಿಯ ಕೈಗೆ ಕೊಟ್ಟಳು. ಆನೆಗೆ ಆಯಿತು, ಜಿರಾಫೆಗೆ ಆಯಿತು, ಪಟ್ಟೆಕತ್ತೆಗೂ ಆಯಿತು. ಒಂದು ಕಡೆ ವೈನಿಯ ಬೆರಳು ನಿಂತಿತು.

"ಅತ್ತೀ, ಹಂದಿಗೂ ಹಚ್ಚಬೇಕೇನ್ರಿ?"

ಅವ್ವ ಯೋಚನೆ ಮಾಡಿದಳು. "ಹಚ್ಚು. ಪಾಪ, ದೂರದಿಂದ ಬಂದದ" ಎಂದಳು. ಅಪ್ಪನೇ ಮಾತಾಡಿದಂತಾಯಿತು; ವೈನಿ ಹಂದಿಗೂ ಹಚ್ಚಿದಳು.

ಶ್ರಾವಣದ ಮೊದಲ ಸೋಮವಾರ ಶಾಲೆ ಮುಗಿಸಿ ಶಹಾಪುರದ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಹುಣಸಗಿಯ ಹೊಸ ಗಿರಾಕಿಯೊಬ್ಬ ಚಹಾ ಕುಡಿಯುತ್ತ ಕುಳಿತಿದ್ದ. ಅಣ್ಣ ನನ್ನನ್ನು ನೋಡಿ ಗಂಟಲು ಸರಿಮಾಡಿಕೊಂಡ. ಅದು ನನಗೆ ಗೊತ್ತಿದ್ದ ಸದ್ದೇ. ಮುಂದಿನ ಮಾತೂ ಬಾಯಿಪಾಠ. ರೂಢಿಯಂತೆ ನಗಲು ಮುಖ ಸಿದ್ಧಮಾಡಿಕೊಂಡೆ.

"ಇಕಿ ನಮ್ಮ ತಂಗಿರಿ" ಎಂದ ಅಣ್ಣ. "ನಮ್ಮನಿಗಿ ಬಸವಣ್ಣನ ಕರಕೊಂಡು ಬಂದಾಕಿ."

ಆ ಮನುಷ್ಯ ಚಹಾದ ಕಪ್ಪು ಕೆಳಗಿಟ್ಟು, ಎದ್ದು ನಿಂತು ನನಗೆ ಕೈಮುಗಿದ. ಬೇರೆ ದಿನವಾಗಿದ್ದರೆ ಬೇಡ ಬೇಡ ಎನ್ನುತ್ತಿದ್ದೆ. ಅವತ್ತು ಅನ್ನಲಿಲ್ಲ.